ಮುಖ, ಹೆಸರು, ಸ್ಥಾನ: ಚೀನೀ ವಿದ್ಯಾರ್ಥಿ ಕಲಿಯುವ ಇಂಗ್ಲಿಷ್ ಪದಗಳು

ಚೀನೀ ವಿದ್ಯಾರ್ಥಿಯೊಬ್ಬ ವಿದೇಶದ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಬರೆಯುತ್ತಿದ್ದಾನೆ ಎಂದಿಟ್ಟುಕೊಳ್ಳೋಣ. ತನಗೆ ಪಾಠ ಹೇಳಿದ ಪ್ರಾಧ್ಯಾಪಕರು ಬಹಳ ಹೆಸರುವಾಸಿಯಾದವರು ಎಂದು ತಿಳಿಸುವುದು ಅವನ ಉದ್ದೇಶ. 'ಫೇಮಸ್' ತೀರ ಸಾಮಾನ್ಯ ಪದವಾಯಿತೆನಿಸಿ, ಪರೀಕ್ಷೆಗೆಂದು ಉರು ಹೊಡೆದ ಪಟ್ಟಿಯಿಂದ ಇನ್ನೂ ತೂಕದ ಪದವೊಂದನ್ನು ಆರಿಸುತ್ತಾನೆ: 'ನಟೋರಿಯಸ್'. ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಕಾಗುಣಿತವೂ ಸರಿಯಾಗಿದೆ. ಆದರೆ ಓದಿದವರಿಗೆ ತಿಳಿಯುವುದು ಆ ಪ್ರಾಧ್ಯಾಪಕರು ಕುಖ್ಯಾತರು ಎಂದು!

ಇಲ್ಲಿ ಆದದ್ದೇನು? ಪಟ್ಟಿಯಲ್ಲಿ ಆ ಪದದ ಎದುರಿಗೆ 'ಹೆಸರು ಪಡೆದ' ಎಂಬ ಅರ್ಥವಿತ್ತು. ಪಕ್ಕದಲ್ಲಿ 'ಕೆಟ್ಟ ಕಾರಣಕ್ಕೆ' ಎಂಬ ಸಣ್ಣ ಟಿಪ್ಪಣಿಯೂ ಇತ್ತು. ನೆನಪಿನಲ್ಲಿ ಅರ್ಥ ಉಳಿಯಿತು, ಟಿಪ್ಪಣಿ ಅಳಿಸಿಹೋಯಿತು. ಮೇಜು, ಕುರ್ಚಿಗಳ ಹೆಸರಿನಲ್ಲಿ ಇಂಥ ತಪ್ಪಾದರೆ ನಕ್ಕು ಮರೆಯಬಹುದು. ಗೌರವ, ಕೀರ್ತಿ, ಅಂತಸ್ತುಗಳನ್ನು ಹೇಳುವ ಪದಗಳಲ್ಲಿ ತಪ್ಪಾದರೆ ಅದು ಒಬ್ಬ ಮನುಷ್ಯನ ಮಾನಕ್ಕೆ ತಗಲುತ್ತದೆ.

ಚೀನಾದಲ್ಲಿ ಇಂಗ್ಲಿಷ್ ಕಲಿಯುವವರ ಸಂಖ್ಯೆ ಬಹು ದೊಡ್ಡದು. ಮೂರನೆಯ ತರಗತಿಯಿಂದ ಇಂಗ್ಲಿಷ್ ಕಲಿಸಬೇಕೆಂದು ಅಲ್ಲಿನ ಶಿಕ್ಷಣ ಸಚಿವಾಲಯ 2001ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕಾಲೇಜು ಪ್ರವೇಶದ ಪರೀಕ್ಷೆಯಾದ 'ಗಾವ್‌ಕಾವ್'ನಲ್ಲಿ ಹೆಚ್ಚಿನ ಪ್ರಾಂತಗಳಲ್ಲಿ ಒಟ್ಟು 750 ಅಂಕಗಳ ಪೈಕಿ 150 ಇಂಗ್ಲಿಷಿಗೆ ಮೀಸಲು. ಕಾಲೇಜು ಸೇರಿದ ಮೇಲೆ 1987ರಲ್ಲಿ ಆರಂಭವಾದ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಎದುರಾಗುತ್ತದೆ. ಈ ಪರೀಕ್ಷೆಗಳಿಗೆಂದೇ ಅಕಾರಾದಿಯಾಗಿ ಜೋಡಿಸಿದ ಪದಪಟ್ಟಿಯ ಪುಸ್ತಕಗಳಿವೆ. ಅವುಗಳ ಮೊದಲ ಪದಗಳಲ್ಲಿ 'ಅಬ್ಯಾಂಡನ್', ಅಂದರೆ 'ಕೈಬಿಡು', ಒಂದು. ಎಷ್ಟೋ ಮಂದಿ ಅಲ್ಲಿಗೇ ಪುಸ್ತಕವನ್ನು ಕೈಬಿಡುತ್ತಾರೆ ಎಂಬುದು ಚೀನೀ ವಿದ್ಯಾರ್ಥಿಗಳ ನಡುವೆ ಓಡಾಡುವ ಹಾಸ್ಯ.

ಪಟ್ಟಿಯನ್ನು ಕೊನೆಯವರೆಗೂ ಕಲಿತವರಿಗೂ ತೊಡಕು ತಪ್ಪದು. ಅದರ ಕಾರಣವನ್ನು ಭಾಷಾವಿಜ್ಞಾನದ ನೆರವಿನಿಂದ ಪರಿಶೀಲಿಸೋಣ. ಈ ಲೇಖನದಲ್ಲಿ ಚೀನೀ ಪದಗಳನ್ನು ಕನ್ನಡ ಲಿಪಿಯಲ್ಲಿ ಸ್ಥೂಲವಾಗಿ ಬರೆಯಲಾಗಿದೆ. ಆ ಭಾಷೆಯಲ್ಲಿ ಅರ್ಥವನ್ನೇ ಬದಲಿಸುವ ಧ್ವನಿಯ ಏರಿಳಿತಗಳನ್ನು ನಮ್ಮ ಲಿಪಿ ತೋರಿಸಲಾರದು.

ಹೊಲದ ಬದುಗಳು

ಜರ್ಮನ್ ವಿದ್ವಾಂಸ ಯೋಸ್ಟ್ ಟ್ರೀರ್ 1931ರಲ್ಲಿ ಪ್ರಕಟಿಸಿದ ಗ್ರಂಥದಿಂದ 'ಅರ್ಥಕ್ಷೇತ್ರ' ಎಂಬ ಪರಿಕಲ್ಪನೆ ಪ್ರಚಾರಕ್ಕೆ ಬಂತು. ಒಂದು ಪದದ ಅರ್ಥ ಅದರೊಳಗೇ ಅಡಗಿರುವುದಿಲ್ಲ, ನೆರೆಯ ಪದಗಳು ಅದಕ್ಕೆ ಎಷ್ಟು ಜಾಗ ಬಿಟ್ಟಿವೆ ಎಂಬುದರ ಮೇಲೂ ಅದು ನಿಂತಿರುತ್ತದೆ ಎಂಬುದು ಇದರ ತಿರುಳು. ಒಂದು ಹೊಲವನ್ನು ಅಣ್ಣತಮ್ಮಂದಿರು ಬದು ಹಾಕಿ ಹಂಚಿಕೊಂಡಂತೆ, ಒಂದು ವಿಷಯವನ್ನು ಭಾಷೆಯ ಹಲವು ಪದಗಳು ಹಂಚಿಕೊಂಡಿರುತ್ತವೆ. ಎರಡು ಭಾಷೆಗಳಲ್ಲಿ ಹೊಲ ಒಂದೇ ಆಗಿರಬಹುದು, ಬದುಗಳು ಬೇರೆ ಬೇರೆ ಕಡೆ ಇರುತ್ತವೆ.

ನಮ್ಮ ಭಾಷೆಯನ್ನೇ ನೋಡಿ. ಹೆಸರು, ಕೀರ್ತಿ, ಖ್ಯಾತಿ, ಮಾನ, ಮರ್ಯಾದೆ, ಗೌರವ, ಘನತೆ, ಪ್ರತಿಷ್ಠೆ, ಅಂತಸ್ತು ಎಂದು ಎಷ್ಟೊಂದು ಪದಗಳಿವೆ. ಇವು ಸಮಾನಾರ್ಥಕಗಳೆಂದು ಹೇಳಿದರೂ ಬಳಸುವಾಗ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಕೀರ್ತಿ ಹಬ್ಬುತ್ತದೆ, ಮಾನ ಹೋಗುತ್ತದೆ, ಮರ್ಯಾದೆಯನ್ನು ಕೊಡುತ್ತೇವೆ, ಅಂತಸ್ತು ಏರುತ್ತದೆ. 'ಅವನ ಮಾನ ಹಬ್ಬಿತು' ಎಂದು ಯಾರೂ ಹೇಳುವುದಿಲ್ಲ. ಇದನ್ನು ನಮಗೆ ಯಾವ ಶಾಲೆಯಲ್ಲೂ ಕಲಿಸಲಿಲ್ಲ, ಮಾತು ಕಲಿಯುವಾಗಲೇ ಬಂತು.

ಇಂಥ ಪದ ಯಾವುದೇ ಭಾಷೆಯದಾಗಿರಲಿ, ಅದಕ್ಕೆ ಮೂರು ಪ್ರಶ್ನೆ ಹಾಕಿದರೆ ಅದರ ಬದು ಎಲ್ಲಿದೆ ಎಂದು ಬಹುಮಟ್ಟಿಗೆ ತಿಳಿಯುತ್ತದೆ. ಈ ಗೌರವವನ್ನು ಕೊಡುವವರು ಯಾರು? ಅದರ ಆಧಾರ ನಡತೆಯೋ, ಸಾಧನೆಯೋ, ಹುದ್ದೆಯೋ? ಅದು ಹೋದರೆ ಆಗುವ ನಷ್ಟ ಎಂಥದ್ದು?

ಎರಡು ಮುಖಗಳು

ಚೀನೀ ಭಾಷೆಯಲ್ಲಿ ಗೌರವದ ಮಾತು ಮುಖದಿಂದ ಆರಂಭವಾಗುತ್ತದೆ. ಅಲ್ಲಿ ಮುಖಕ್ಕೆ ಎರಡು ಪದಗಳಿವೆ: 'ಮ್ಯೆನ್‌ಜ' ಮತ್ತು 'ಲ್ಯೆನ್'. ಸಾಹಿತಿ ಲು ಶುನ್ 1934ರಲ್ಲಿ ಮ್ಯೆನ್‌ಜ ಕುರಿತೇ ಒಂದು ಪ್ರಬಂಧ ಬರೆದರು. 1944ರಲ್ಲಿ ಮಾನವಶಾಸ್ತ್ರಜ್ಞೆ ಹೂ ಶ್ಯೆನ್‌ಚಿನ್ 'ಅಮೆರಿಕನ್ ಆಂತ್ರೊಪಾಲಜಿಸ್ಟ್' ಪತ್ರಿಕೆಯಲ್ಲಿ ಈ ಎರಡು ಪದಗಳ ವ್ಯತ್ಯಾಸವನ್ನು ವಿವರಿಸಿದರು. ಅವರ ಪ್ರಕಾರ ಮ್ಯೆನ್‌ಜ ಎಂದರೆ ಯಶಸ್ಸು, ಹುದ್ದೆ, ಸಂಪತ್ತು, ಆಡಂಬರಗಳಿಂದ ದೊರೆಯುವ ಹಿರಿಮೆ. ಅದನ್ನು ಗಳಿಸಬಹುದು, ಹೆಚ್ಚಿಸಬಹುದು, ಇನ್ನೊಬ್ಬರಿಗೆ ಕೊಡಲೂಬಹುದು. ಲ್ಯೆನ್ ಎಂದರೆ ಒಬ್ಬನ ನಡತೆಯ ಮೇಲೆ ಸಮಾಜ ಇಟ್ಟಿರುವ ನಂಬಿಕೆ. ಬಡವನಿಗೂ ಲ್ಯೆನ್ ಇರುತ್ತದೆ. ಅದನ್ನು ಕಳೆದುಕೊಂಡವನು ಸಮಾಜದಲ್ಲಿ ತಲೆ ಎತ್ತಿ ನಡೆಯಲಾರ. 'ಬು ಯಾವ್ ಲ್ಯೆನ್', ಅಂದರೆ 'ಲ್ಯೆನ್ ಬೇಡದವನು', ಎನ್ನುವುದು ಕಟುವಾದ ಬೈಗುಳ. ಆಡುಮಾತಿನಲ್ಲಿ ಎರಡು ಪದಗಳೂ ಕೆಲವೊಮ್ಮೆ ಬೆರೆಯುತ್ತವೆ, ಆದರೂ ಬದು ಇದ್ದೇ ಇದೆ.

ಇಂಗ್ಲಿಷಿನಲ್ಲಿ ಈ ಎರಡಕ್ಕೂ ಇರುವ ಪದ ಒಂದೇ: 'ಫೇಸ್'. 'ಲೂಸ್ ಫೇಸ್' ಎಂಬ ನುಡಿಗಟ್ಟು ಇಂಗ್ಲಿಷಿಗೆ ಬಂದದ್ದೇ ಚೀನೀ ಭಾಷೆಯಿಂದ. 'ಡ್ಯೂ ಲ್ಯೆನ್', ಅಂದರೆ ಮುಖ ಕಳೆದುಕೊಳ್ಳು, ಎಂಬುದರ ನೇರ ಅನುವಾದ ಅದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಚೀನಾದಲ್ಲಿ ನೆಲೆಸಿದ್ದ ಇಂಗ್ಲಿಷರ ಬರವಣಿಗೆಯಲ್ಲಿ ಅದು ಕಾಣಿಸಿಕೊಂಡಿತು. ಅದಕ್ಕೆ ಜೋಡಿಯಾಗಿ 'ಸೇವ್ ಫೇಸ್' ಎಂಬುದನ್ನು ಆ ಇಂಗ್ಲಿಷರೇ ಕಟ್ಟಿಕೊಂಡರೆಂದು ನಿಘಂಟುಕಾರರು ಹೇಳುತ್ತಾರೆ. ಅಮೆರಿಕದಲ್ಲಿ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955ರಲ್ಲಿ ಜನರ ದಿನನಿತ್ಯದ ಒಡನಾಟವನ್ನು ವಿವರಿಸಲು ಈ 'ಫೇಸ್' ಎಂಬ ಕಲ್ಪನೆಯನ್ನೇ ಬಳಸಿಕೊಂಡರು. ಪಿನೆಲೋಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅದರ ಮೇಲೆ ಸೌಜನ್ಯದ ಸಿದ್ಧಾಂತವೊಂದನ್ನು ಕಟ್ಟಿದರು. ಈ ಸಿದ್ಧಾಂತದಲ್ಲಿ ಮುಖವು ವ್ಯಕ್ತಿಯೊಬ್ಬನ ಸ್ವಂತ ಆಸ್ತಿಯಾಗಿಬಿಟ್ಟಿದೆ, ಚೀನೀ ಮುಖ ಸಮುದಾಯದ ಕೈಯಲ್ಲಿರುವಂಥದು ಎಂದು ಲೂಮಿಂಗ್ ಮಾವೊ 1994ರಲ್ಲಿ ಆಕ್ಷೇಪಿಸಿದರು.

ಹೀಗಿರುವಾಗ 'ಲೂಸ್ ಫೇಸ್' ಚೀನೀ ವಿದ್ಯಾರ್ಥಿಗೆ ಅತಿ ಸುಲಭವಾಗಬೇಕಲ್ಲವೇ? ಅದು ಅವನ ಮನೆಯ ಮಾತೇ. ಆದರೆ ಮನೆ ಬಿಟ್ಟುಹೋದ ಮಾತು ನೂರೈವತ್ತು ವರ್ಷಗಳ ಅನಂತರ ಹಾಗೆಯೇ ಮರಳಿಲ್ಲ. ಇಂದಿನ ಇಂಗ್ಲಿಷಿನಲ್ಲಿ ಅದು ಸೂಚಿಸುವುದು ನಾಲ್ಕು ಜನರ ಮುಂದೆ ಆಗುವ ಮುಜುಗರ ಅಥವಾ ಹಿನ್ನಡೆಯನ್ನು. ಮಂತ್ರಿಯೊಬ್ಬರು ಕೊಟ್ಟ ಹೇಳಿಕೆಯನ್ನು ಹಿಂದಕ್ಕೆ ಪಡೆದರೆ ಅವರು 'ಫೇಸ್' ಕಳೆದುಕೊಂಡರು ಎನ್ನುತ್ತಾರೆ. ಲ್ಯೆನ್‌ನಿಂದ ಹುಟ್ಟಿದ ನುಡಿಗಟ್ಟು ಈಗ ಮ್ಯೆನ್‌ಜ ಕಡೆಗೆ ವಾಲಿದೆ. ಅಂಕಿಅಂಶಗಳನ್ನು ಸೃಷ್ಟಿಸಿ ಸಂಶೋಧನ ಪ್ರಬಂಧ ಬರೆದು ಸಿಕ್ಕಿಬಿದ್ದ ವಿಜ್ಞಾನಿಯ ಬಗ್ಗೆ 'ಲಾಸ್ಟ್ ಫೇಸ್' ಎಂದು ಬರೆದರೆ ಅಪರಾಧವನ್ನು ತೀರ ಹಗುರ ಮಾಡಿದಂತಾಗುತ್ತದೆ. ಅಲ್ಲಿ ಬೇಕಾದ ಪದ 'ಡಿಸ್‌ಗ್ರೇಸ್ಡ್'. ನಡತೆಯ ನಂಬಿಕೆ ಹೋಯಿತು ಎಂಬ ಲ್ಯೆನ್‌ನ ಭಾರವನ್ನು ಹೊರುವುದು ಅದು.

ಇನ್ನೂ ಅಪಾಯದ ಜಾಗ ಒಂದಿದೆ. ಚೀನೀ ಭಾಷೆಯಲ್ಲಿ 'ಯೋ ಮ್ಯೆನ್‌ಜ' ಎಂದರೆ 'ಮುಖ ಇದೆ', ಅಂದರೆ ಗೌರವವಿದೆ. ಇದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿದರೆ ಬರುವುದು 'ಹ್ಯಾವ್ ದ ಫೇಸ್'. ಬ್ರಿಟಿಷ್ ಇಂಗ್ಲಿಷಿನಲ್ಲಿ ಹಿಂದಿನಿಂದಲೂ ಇರುವ ಈ ನುಡಿಗಟ್ಟಿಗೆ 'ಇಂಥ ಕೆಲಸ ಮಾಡುವಷ್ಟು ನಾಚಿಕೆಗೇಡಿತನವಿದೆ' ಎಂದು ಅರ್ಥ! ಹಾಗೆಯೇ 'ಗೇ ಮ್ಯೆನ್‌ಜ', ಅಂದರೆ 'ಮುಖ ಕೊಡು'. ಮದುವೆಗೆ ಬಂದ ಹಿರಿಯರು ಮನೆಯವರಿಗೆ ಮುಖ ಕೊಟ್ಟರು ಎಂದು ಚೀನೀಯರು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಇಲ್ಲಿ ಮುಖವನ್ನು ಬಿಟ್ಟು 'ಆನರ್' ಎಂಬ ಪದಕ್ಕೆ ಹೋಗಬೇಕು.

ಕನ್ನಡದವರಿಗೂ ಈ ಮುಖ ಅಪರಿಚಿತವಲ್ಲ. 'ಮುಖಭಂಗ', 'ಯಾವ ಮುಖ ಹೊತ್ತು ಹೋಗಲಿ', 'ಊರವರಿಗೆ ಮುಖ ತೋರಿಸುವಂತಿಲ್ಲ' ಎಂದು ನಾವೂ ಹೇಳುತ್ತೇವೆ. ಹಾಗಾಗಿ ಚೀನೀ ವಿದ್ಯಾರ್ಥಿಯ ತೊಡಕು ನಮಗೆ ಬೇಗ ಅರ್ಥವಾಗುತ್ತದೆ.

ಹೆಸರಿನ ಸುತ್ತ

ಮುಖವಾದ ಮೇಲೆ ಹೆಸರು. ಚೀನೀ ಭಾಷೆಯಲ್ಲಿ 'ಮಿಂಗ್' ಎಂದರೆ ಹೆಸರು. ಅದನ್ನು ಬರೆಯುವ ಅಕ್ಷರದಲ್ಲಿ ಮೇಲೆ ಸಂಜೆಯ ಚಿಹ್ನೆಯೂ ಕೆಳಗೆ ಬಾಯಿಯ ಚಿಹ್ನೆಯೂ ಇವೆ. ಕತ್ತಲಲ್ಲಿ ಮುಖ ಕಾಣದಿರುವಾಗ ಬಾಯಿಂದ ಹೇಳಿಕೊಳ್ಳುವುದೇ ಹೆಸರು ಎಂದು ಸುಮಾರು ಕ್ರಿ.ಶ. 100ರಲ್ಲಿ ಶು ಶೆನ್ ತಮ್ಮ ನಿಘಂಟಿನಲ್ಲಿ ಇದನ್ನು ವಿವರಿಸಿದ್ದಾರೆ.

ಈ ಮಿಂಗ್‌ಗೆ ಇನ್ನೊಂದು ಅಕ್ಷರ ಸೇರಿಸಿದರೆ ಹೊಸ ಪದ ಸಿದ್ಧ. 'ಯೋ-ಮಿಂಗ್' ಎಂದರೆ 'ಹೆಸರು ಇರುವ', ಅಂದರೆ ಪ್ರಸಿದ್ಧ. 'ಮಿಂಗ್-ಷೆಂಗ್' ಎಂದರೆ 'ಹೆಸರಿನ ಸದ್ದು', ಅಂದರೆ ಜನರ ನಡುವೆ ಇರುವ ಹೆಸರು. 'ಛೋ-ಮಿಂಗ್' ಎಂದರೆ 'ನಾರುವ ಹೆಸರು', ಅಂದರೆ ಅಪಕೀರ್ತಿ. ಒಳ್ಳೆಯದೋ ಕೆಟ್ಟದೋ ಎಂಬುದು ಪದದ ಮೈಮೇಲೇ ಬರೆದಿದೆ. ನಮ್ಮ ಖ್ಯಾತ, ಕುಖ್ಯಾತ, ವಿಖ್ಯಾತಗಳೂ ಹೀಗೆಯೇ.

ಇಂಗ್ಲಿಷಿನಲ್ಲಿ ಫೇಮ್, ರೆಪ್ಯುಟೇಷನ್, ರಿನೌನ್, ಪ್ರೆಸ್ಟೀಜ್ ಎಂಬ ಪದಗಳನ್ನು ನೋಡಿದರೆ ಒಂದಕ್ಕೊಂದು ಸಂಬಂಧವೇ ಕಾಣದು. 'ಫೇಮಸ್'ಗೆ 'ಇನ್' ಸೇರಿದ 'ಇನ್‌ಫೇಮಸ್' ನೋಡಿದವರು 'ಪ್ರಸಿದ್ಧವಲ್ಲದ' ಎಂದು ಊಹಿಸುತ್ತಾರೆ. ಅದರ ಅರ್ಥ 'ಕೆಟ್ಟದ್ದಕ್ಕೆ ಹೆಸರಾದ'. ಉಚ್ಚಾರವೂ ಬೇರೆ. 'ಫೇಮಸ್'ನಲ್ಲಿ ಒತ್ತು 'ಫೇ' ಮೇಲೆ, 'ಇನ್‌ಫಮಸ್'ನಲ್ಲಿ ಒತ್ತು 'ಇನ್' ಮೇಲೆ, 'ಫೇ' ಸವೆದು 'ಫ' ಆಗುತ್ತದೆ.

ಅಕ್ಷರಗಳನ್ನು ಬಿಡಿಸಿ ಅರ್ಥ ಹುಡುಕುವ ಅಭ್ಯಾಸ ಇರುವ ಚೀನೀ ವಿದ್ಯಾರ್ಥಿಗೆ ಇಂಗ್ಲಿಷ್ ಪದಗಳ ಧಾತುಗಳನ್ನು ತೋರಿಸಿದರೆ ಉಪಯೋಗವಾಗುತ್ತದೆ. ಇವುಗಳಲ್ಲಿ ಹಲವು ಧಾತುಗಳು ವಿಜ್ಞಾನದ ವಿದ್ಯಾರ್ಥಿಗಳಿಗೆ ಮೊದಲೇ ಪರಿಚಿತ.

ರೆಪ್ಯುಟೇಷನ್: ಲ್ಯಾಟಿನ್ 'ಪುಟಾರೆ', ಲೆಕ್ಕಹಾಕು. ಕಂಪ್ಯೂಟರ್ ಇದರ ಸೋದರ. ಜನರು ನಮ್ಮ ನಡೆಯನ್ನು ಮತ್ತೆ ಮತ್ತೆ ಲೆಕ್ಕಹಾಕಿ ಇಟ್ಟ ಮೊತ್ತವೇ ರೆಪ್ಯುಟೇಷನ್.

ಎಸ್ಟೀಮ್: ಲ್ಯಾಟಿನ್ 'ಐಸ್ಟಿಮಾರೆ', ಬೆಲೆ ಕಟ್ಟು. ಎಸ್ಟಿಮೇಟ್ ಕೂಡ ಇದರಿಂದಲೇ ಬಂದಿದೆ.

ಫೇಮ್: ಲ್ಯಾಟಿನ್ 'ಫಾಮಾ', ಜನರ ಬಾಯಿಮಾತು. ಮೂಲದಲ್ಲಿ ಇದಕ್ಕೆ ವದಂತಿ ಎಂಬ ಅರ್ಥವೂ ಇತ್ತು.

ರಿನೌನ್: ಲ್ಯಾಟಿನ್ 'ನೋಮೆನ್', ಹೆಸರು. ಮತ್ತೆ ಮತ್ತೆ ಹೇಳಿದ ಹೆಸರು. ನಮ್ಮ 'ನಾಮ' ಇದರ ದೂರದ ನೆಂಟ.

ನಟೋರಿಯಸ್: ಲ್ಯಾಟಿನ್ 'ನೋಟುಸ್', ತಿಳಿದಿರುವ. 'ಎಲ್ಲರಿಗೂ ಗೊತ್ತಿರುವ' ಎಂದಷ್ಟೇ ಇದ್ದ ಅರ್ಥ ಕ್ರಮೇಣ ಕೆಟ್ಟ ಕಡೆಗೆ ವಾಲಿತು.

ಎಮಿನೆಂಟ್: ಲ್ಯಾಟಿನ್ 'ಎಮಿನೇರೆ', ಹೊರಚಾಚಿ ನಿಲ್ಲು. ಸಾಲಿನಲ್ಲಿ ಎದ್ದು ಕಾಣುವವರು.

ಸ್ಟೇಟಸ್: ಲ್ಯಾಟಿನ್ 'ಸ್ಟಾರೆ', ನಿಲ್ಲು. ಸ್ಟೇಷನ್, ಸ್ಟ್ಯಾಟಿಸ್ಟಿಕ್ಸ್ ಇದರ ಬಳಗ. ಸಂಸ್ಕೃತದ 'ಸ್ಥಾ' ಧಾತು, ಅದರಿಂದ ಬಂದ ನಮ್ಮ ಸ್ಥಾನ, ಪ್ರತಿಷ್ಠೆ ಎಂಬ ಪದಗಳೂ ಇದೇ ವಂಶದವು.

ಪ್ರೆಸ್ಟೀಜ್: ಇದರ ಲ್ಯಾಟಿನ್ ಮೂಲಕ್ಕೆ ಕಣ್ಕಟ್ಟು, ಗಾರುಡಿ ಎಂದು ಅರ್ಥ. 17ನೆಯ ಶತಮಾನದಲ್ಲಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗಲೂ ಅದಕ್ಕೆ ಮೋಸ ಎಂಬ ಅರ್ಥವೇ ಇತ್ತು. ಕಣ್ಣು ಕೋರೈಸುವ ಹಿರಿಮೆ ಎಂಬ ಅರ್ಥ ಆಮೇಲಿನದು.

ಒಂದು ಎಚ್ಚರಿಕೆ ಅಗತ್ಯ. ಧಾತು ನೆನಪಿಗೆ ನೆರವಾಗುತ್ತದೆಯೇ ಹೊರತು ಇಂದಿನ ಅರ್ಥಕ್ಕೆ ಪ್ರಮಾಣವಲ್ಲ. ಪ್ರೆಸ್ಟೀಜ್ ಇರುವವರೆಲ್ಲ ಗಾರುಡಿಗರೆಂದು ಯಾರೂ ಹೇಳಲಾರರು.

ನಿಂತ ಜಾಗ

ಸಮಾಜದಲ್ಲಿ ನಿಂತಿರುವ ಜಾಗಕ್ಕೆ ಚೀನೀ ಭಾಷೆಯಲ್ಲಿ 'ಡೀ-ವೇ' ಎನ್ನುತ್ತಾರೆ. ಮೊದಲ ಅಕ್ಷರಕ್ಕೆ ನೆಲವೆಂದೂ ಎರಡನೆಯದಕ್ಕೆ ಸ್ಥಾನವೆಂದೂ ಅರ್ಥ. ಇದು 'ಸ್ಟೇಟಸ್'ಗೆ ಚೆನ್ನಾಗಿ ಹೊಂದುತ್ತದೆ. ಆದರೆ ಎಲ್ಲ ಕಡೆಯೂ ಅಲ್ಲ. ಇಂಗ್ಲಿಷ್ ಅರ್ಜಿ ನಮೂನೆಗಳಲ್ಲಿ 'ಮ್ಯಾರಿಟಲ್ ಸ್ಟೇಟಸ್' ಎಂಬ ಕಲಮು ಇರುತ್ತದೆ. ಅಲ್ಲಿ ಕೇಳುವುದು ಮದುವೆಯಾಗಿದೆಯೇ ಇಲ್ಲವೇ ಎಂದು ಮಾತ್ರ. ಡೀ-ವೇ ಎಂದಷ್ಟೇ ಕಲಿತವನಿಗೆ ಇದು 'ಮದುವೆಯ ಅಂತಸ್ತು' ಎಂದು ಕೇಳಿಸುತ್ತದೆ. ಸ್ಟೇಟಸ್ ಎಂದರೆ ಮೇಲಿನ ಸ್ಥಾನವೂ ಹೌದು, ಬರಿಯ ಸ್ಥಿತಿಯೂ ಹೌದು.

'ಷೆನ್-ಫೆನ್' ಎಂಬ ಇನ್ನೊಂದು ಪದ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ತೊಡಕು ತರುತ್ತದೆ. ಚೀನಾದ ಗುರುತಿನ ಚೀಟಿಯ ಹೆಸರಿನಲ್ಲಿ ಇರುವುದು ಇದೇ ಪದ. 'ಷೆನ್-ಫೆನ್ ಇರುವ ಮನುಷ್ಯ' ಎಂದರೆ ಮಾತ್ರ ದೊಡ್ಡ ಅಂತಸ್ತಿನವನು. ಗುರುತು ಮತ್ತು ಅಂತಸ್ತು ಎರಡೂ ಅಲ್ಲಿ ಒಂದೇ ಬದುವಿನೊಳಗಿವೆ. ಇಂಗ್ಲಿಷಿನಲ್ಲಿ 'ಐಡೆಂಟಿಟಿ' ಬೇರೆ, 'ಸ್ಟೇಟಸ್' ಬೇರೆ. ಒಂದರ ಬದಲು ಇನ್ನೊಂದು ಬಿದ್ದರೆ ವಾಕ್ಯವೇ ಕೆಡುತ್ತದೆ.

'ಕ್ಲಾಸ್' ಪದವೂ ಹೀಗೆಯೇ. ಚೀನೀ ಭಾಷೆಯಲ್ಲಿ 'ಜ್ಯೆ-ಜೀ' ಎಂದರೆ ವರ್ಗ, ಇದು ವರ್ಗಸಂಘರ್ಷದ ರಾಜಕೀಯ ನೆನಪುಗಳನ್ನು ಹೊತ್ತ ಪದ. 'ಜ್ಯೆ-ಛೆಂಗ್' ಎಂದರೆ ಸ್ತರ, ಸಮಾಜಶಾಸ್ತ್ರಜ್ಞರು ಮತ್ತು ಪತ್ರಿಕೆಗಳು ಆದಾಯ, ಉದ್ಯೋಗಗಳ ಬಗ್ಗೆ ಹೇಳುವಾಗ ಬಳಸುವ ಪದ. ಇಂಗ್ಲಿಷಿನ 'ಕ್ಲಾಸ್' ಎರಡನ್ನೂ ನುಂಗಿಕೊಳ್ಳುತ್ತದೆ, ಸ್ತರವೆಂದೇ ಹೇಳಬೇಕಾದರೆ 'ಸ್ಟ್ರೇಟಮ್' ಎಂಬ ಪಾಂಡಿತ್ಯದ ಪದವಿದೆ.

ಒಬ್ಬ ವಿಜ್ಞಾನಿ, ಹಲವು ಪದಗಳು

ಈ ಪದಗಳ ನಡುವಣ ವ್ಯತ್ಯಾಸವನ್ನು ಒಂದು ಜೀವನದಲ್ಲಿ ನೋಡೋಣ. ಮಲೇರಿಯಾಕ್ಕೆ ಮದ್ದು ಹುಡುಕಲು ಚೀನಾ ಸರ್ಕಾರ 1967ರ ಮೇ 23ರಂದು ಗುಪ್ತ ಯೋಜನೆಯೊಂದನ್ನು ಆರಂಭಿಸಿತು. ಆ ದಿನಾಂಕದಿಂದಲೇ ಅದಕ್ಕೆ '523' ಎಂಬ ಹೆಸರು ಬಂತು. ಬೀಜಿಂಗಿನ ಪಾರಂಪರಿಕ ವೈದ್ಯ ಸಂಸ್ಥೆಯಲ್ಲಿದ್ದ ತು ಯೂಯೂ 1969ರಲ್ಲಿ ಇದರಲ್ಲಿ ಒಂದು ತಂಡದ ಮುಖ್ಯಸ್ಥೆಯಾದರು. 1972ರಲ್ಲಿ ಅವರ ತಂಡ ಒಂದು ಬಗೆಯ ಮಾಚಿಪತ್ರೆಯ ಜಾತಿಯ ಗಿಡದಿಂದ ಆರ್ಟಿಮಿಸಿನಿನ್ ಎಂಬ ಮದ್ದನ್ನು ಬೇರ್ಪಡಿಸಿತು. ಅದರ ರಚನೆಯ ಬಗ್ಗೆ 1977ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಯಾವ ವ್ಯಕ್ತಿಯ ಹೆಸರೂ ಇರಲಿಲ್ಲ. ಲೇಖಕರ ಜಾಗದಲ್ಲಿದ್ದುದು ಒಂದು ಸಂಶೋಧನ ಗುಂಪಿನ ಹೆಸರು. 2011ರಲ್ಲಿ ತು ಅವರಿಗೆ ಲಾಸ್ಕರ್ ಪ್ರಶಸ್ತಿ, 2015ರಲ್ಲಿ ನೊಬೆಲ್ ಪ್ರಶಸ್ತಿ ಬಂದವು. ಆಗ ಅವರಿಗೆ ಡಾಕ್ಟರೇಟ್ ಇರಲಿಲ್ಲ, ವಿದೇಶದ ತರಬೇತಿ ಇರಲಿಲ್ಲ, ಚೀನೀ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಇರಲಿಲ್ಲ. 'ಮೂರು ಇಲ್ಲಗಳ ವಿಜ್ಞಾನಿ' ಎಂದು ಚೀನೀ ಪತ್ರಿಕೆಗಳು ಅವರನ್ನು ಕರೆದವು.

ಈಗ ಪದಗಳನ್ನು ಹೊಂದಿಸೋಣ. ಅಕಾಡೆಮಿಯ ಸದಸ್ಯತ್ವವಿಲ್ಲದ ಅವರಿಗೆ ಆ ವಲಯದಲ್ಲಿ ಇಲ್ಲದಿದ್ದುದು 'ಸ್ಟೇಟಸ್', ಏಕೆಂದರೆ ಅದು ಹುದ್ದೆ, ಪದವಿಗಳಿಂದ ಬರುವಂಥದು. ಕೆಲಸ ಬಲ್ಲ ಸಹೋದ್ಯೋಗಿಗಳ ನಡುವೆ ಒಬ್ಬರು ಗಳಿಸುವುದು 'ರೆಪ್ಯುಟೇಷನ್'. ಅದು ಲಕ್ಷಾಂತರ ಜನಕ್ಕೆ ಗೊತ್ತಿರಬೇಕಾಗಿಲ್ಲ. 2015ರ ಅನಂತರ ಜಗತ್ತಿನ ಪತ್ರಿಕೆಗಳೆಲ್ಲ ತಂದುಕೊಟ್ಟದ್ದು 'ಫೇಮ್'. ನಾಲ್ಕು ದಶಕ ತಡವಾಗಿ ಸಿಕ್ಕ ಮಾನ್ಯತೆ 'ರೆಕಗ್ನಿಷನ್'. 'ಪ್ರೆಸ್ಟೀಜ್' ಇರುವುದು ನೊಬೆಲ್ ಪ್ರಶಸ್ತಿಗೆ. ಪ್ರಶಸ್ತಿ, ಪತ್ರಿಕೆ, ವಿಶ್ವವಿದ್ಯಾನಿಲಯಗಳು 'ಪ್ರೆಸ್ಟೀಜಿಯಸ್' ಆಗುತ್ತವೆ. ಮನುಷ್ಯರಿಗೆ ಈ ವಿಶೇಷಣ ಸಾಮಾನ್ಯವಾಗಿ ಹೊಂದುವುದಿಲ್ಲ. ತು ಯೂಯೂ ಅವರನ್ನು 'ಡಿಸ್ಟಿಂಗ್ವಿಷ್ಡ್', 'ರಿನೌನ್ಡ್' ಅಥವಾ 'ಎಮಿನೆಂಟ್' ಎನ್ನಬೇಕು.

ಕನ್ನಡಿಗರಾದ ನಾವೂ ಇದೇ ಜಾಗದಲ್ಲಿ ಎಡವುತ್ತೇವೆ. 'ಇದು ನನ್ನ ಪ್ರೆಸ್ಟೀಜ್ ಪ್ರಶ್ನೆ' ಎಂದು ಹೇಳದವರು ಯಾರು? ನಮ್ಮ 'ಪ್ರತಿಷ್ಠೆ'ಯಲ್ಲಿ ಹಿರಿಮೆಯೂ ಇದೆ, ಸ್ವಾಭಿಮಾನದ ಬಿಗುವೂ ಇದೆ. ಆ ಬಿಗುವನ್ನು ಪ್ರೆಸ್ಟೀಜ್ ಮೇಲೆ ಹೇರಿ ಭಾರತದ ಇಂಗ್ಲಿಷಿನಲ್ಲಿ ಅದಕ್ಕೆ ಹೊಸ ಅರ್ಥ ಕೊಟ್ಟಿದ್ದೇವೆ. ನಮ್ಮ ನಡುವೆ ಅದು ನಡೆಯುತ್ತದೆ. ಹೊರಗಿನವರಿಗೆ ಬರೆಯುವಾಗ 'ಪ್ರೈಡ್' ಎಂದರೆ ಅರ್ಥ ಸ್ಪಷ್ಟವಾಗುತ್ತದೆ.

ಪದದ ಸಂಗಾತಿಗಳು

ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1950ರ ದಶಕದಲ್ಲಿ ಪದದ ಅರ್ಥವನ್ನು ಅದರ ಜೊತೆಗಾರರಿಂದ ತಿಳಿಯಬೇಕೆಂದು ಒತ್ತಿ ಹೇಳಿದರು. ಒಂದು ಪದ ಯಾವ ಪದಗಳ ಸಂಗಡ ರೂಢಿಯಾಗಿ ಬರುತ್ತದೆ ಎಂಬುದನ್ನು ಕಲಿಯದೆ ಅದನ್ನು ಕಲಿತಂತಾಗುವುದಿಲ್ಲ.

ಚೀನೀ ಭಾಷೆಯಲ್ಲಿ ಕೀರ್ತಿ 'ಎತ್ತರ'ವಾಗಿರುತ್ತದೆ. ಆದ್ದರಿಂದ ಅಲ್ಲಿನ ವಿದ್ಯಾರ್ಥಿಗಳು 'ಹೈ ರೆಪ್ಯುಟೇಷನ್' ಎಂದು ಬರೆಯುತ್ತಾರೆ. ಇಂಗ್ಲಿಷಿನ ರೂಢಿಯಲ್ಲಿ ರೆಪ್ಯುಟೇಷನ್ ಹೆಚ್ಚಾಗಿ 'ಗುಡ್', 'ಸ್ಟ್ರಾಂಗ್' ಅಥವಾ 'ಎಕ್ಸಲೆಂಟ್'. ಎತ್ತರ ಹೊಂದುವುದು ಸ್ಟೇಟಸ್‌ಗೆ, ಎಸ್ಟೀಮ್‌ಗೆ. ಅದೃಷ್ಟವಶಾತ್ ಕೆಲವು ಜೋಡಿಗಳು ಎರಡೂ ಭಾಷೆಗಳಲ್ಲಿ ಒಂದೇ ಆಗಿವೆ. ಒಳ್ಳೆಯ ಹೆಸರನ್ನು ಚೀನೀಯರೂ 'ಅನುಭವಿಸುತ್ತಾರೆ', ಇಂಗ್ಲಿಷಿನವರೂ 'ಎಂಜಾಯ್' ಮಾಡುತ್ತಾರೆ. ಇಂಥವನ್ನು ಮೊದಲು ಕಲಿಸಿದರೆ ಧೈರ್ಯ ಬರುತ್ತದೆ.

ಕ್ರಿಯಾಪದಗಳನ್ನೂ ಗಮನಿಸಬೇಕು. ರೆಪ್ಯುಟೇಷನ್ನನ್ನು 'ಅರ್ನ್' ಅಥವಾ 'ಬಿಲ್ಡ್' ಮಾಡುತ್ತಾರೆ, ಅದು 'ಟಾರ್ನಿಶ್' ಆಗುತ್ತದೆ, ಅಂದರೆ ಲೋಹದಂತೆ ಕಾಂತಿ ಕಳೆದುಕೊಳ್ಳುತ್ತದೆ. ಆಮೇಲೆ ಅದನ್ನು 'ರಿಸ್ಟೋರ್' ಮಾಡಬೇಕಾಗುತ್ತದೆ. ಸ್ಟೇಟಸ್ಸನ್ನು 'ಅಚೀವ್' ಮಾಡುತ್ತಾರೆ. ಸಣ್ಣ ಪದಗಳೂ ಅರ್ಥ ಬದಲಿಸುತ್ತವೆ. 'ಫೇಮಸ್ ಫಾರ್' ಎಂದರೆ ಯಾವ ಕಾರಣಕ್ಕೆ ಎಂದು, 'ಫೇಮಸ್ ಆಸ್' ಎಂದರೆ ಯಾವ ಪಾತ್ರದಲ್ಲಿ ಎಂದು. ಚೀನೀ ಭಾಷೆಯಲ್ಲಿ ನಾಮಪದಗಳಿಗೆ 'ಎ', 'ದ' ಎಂಬ ಗುರುತುಗಳಿಲ್ಲ. ಹಾಗಾಗಿ ರೆಪ್ಯುಟೇಷನ್‌ಗೆ 'ಎ' ಬೇಕು, ಪ್ರೆಸ್ಟೀಜ್‌ಗೆ ಬೇಡ ಎಂಬುದನ್ನು ಪದದ ಜೊತೆಯಲ್ಲೇ ಕಲಿಸುವುದು ಸೂಕ್ತ.

ತರಗತಿಯಲ್ಲಿ

ಹಾಗಾದರೆ ಫೇಮ್, ರಿನೌನ್, ಪ್ರೆಸ್ಟೀಜ್, ಸ್ಟೇಟಸ್, ಎಸ್ಟೀಮ್ ಎಲ್ಲವನ್ನೂ ಒಂದೇ ದಿನ ಒಂದೇ ಪಟ್ಟಿಯಲ್ಲಿ ಕಲಿಸಬಹುದೇ? ಅದೇ ಸುಲಭವೆಂದು ತೋರುತ್ತದೆ. ಪ್ರಯೋಗಗಳು ಬೇರೆಯೇ ಹೇಳುತ್ತವೆ. ಥಾಮಸ್ ಟಿಂಕ್‌ಹ್ಯಾಮ್ 1993ರಲ್ಲಿ ಪರಿಚಿತ ಪದಗಳಿಗೆ ಕೃತಕ ಪದಗಳನ್ನು ಜೋಡಿಸಿ ಕಲಿಯಲು ಕೊಟ್ಟರು. ಅರ್ಥದಲ್ಲಿ ಹತ್ತಿರದ ಪದಗಳ ಗುಂಪನ್ನು ಕಲಿಯಲು, ಸಂಬಂಧವಿಲ್ಲದ ಪದಗಳ ಗುಂಪಿಗಿಂತ ಹೆಚ್ಚು ಪ್ರಯತ್ನ ಬೇಕಾಯಿತು. ರಾಬ್ ವೇರಿಂಗ್ 1997ರಲ್ಲಿ ಜಪಾನೀ ಭಾಷಿಕರಲ್ಲಿ ಇದನ್ನೇ ಪರೀಕ್ಷಿಸಿ ಅದೇ ಫಲಿತಾಂಶ ಪಡೆದರು. ಹತ್ತಿರದ ಅರ್ಥಗಳು ನೆನಪಿನಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ಒಂದೇ ಸನ್ನಿವೇಶಕ್ಕೆ ಸೇರಿದ, ಆದರೆ ಬೇರೆ ಬೇರೆ ಕೆಲಸ ಮಾಡುವ ಪದಗಳು ಸುಲಭವಾಗಿ ಕೂಡಿಕೊಳ್ಳುತ್ತವೆ ಎಂದೂ ಟಿಂಕ್‌ಹ್ಯಾಮ್ 1997ರಲ್ಲಿ ತೋರಿಸಿದರು.

ಇದರಿಂದ ಶಿಕ್ಷಕರಿಗೆ ಸಿಗುವ ಸೂಚನೆಗಳು ಹೀಗಿವೆ. ಒಂದು ದಿನಕ್ಕೆ ಈ ಕ್ಷೇತ್ರದ ಒಂದೇ ಮುಖ್ಯ ಪದವನ್ನು ತೆಗೆದುಕೊಳ್ಳಿ. ಅದನ್ನು ಅದರ ಕ್ರಿಯಾಪದ, ವಿಶೇಷಣಗಳ ಸಮೇತ ಒಂದು ಸನ್ನಿವೇಶದಲ್ಲಿ ಕಲಿಸಿ. ಅದು ಬೇರೂರಿದ ಮೇಲೆ ನೆರೆಯ ಪದವನ್ನು ತಂದು ಬದುವನ್ನು ತೋರಿಸಿ. ದಿನಗಳ ಅಂತರ ಬಿಟ್ಟು ಮತ್ತೆ ನೆನಪಿಸಿ. ಅಂತರ ಬಿಟ್ಟ ಪುನರಾವರ್ತನೆ ಹೆಚ್ಚು ಫಲಕಾರಿ ಎಂಬುದನ್ನು ಹರ್ಮನ್ ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತಿಳಿಸಿದ್ದರು. ಮೆಚ್ಚುಗೆಯ ಪದ, ತೆಗಳಿಕೆಯ ಪದ, ತಟಸ್ಥ ಪದಗಳಿಗೆ ಬೇರೆ ಬೇರೆ ಗುರುತು ಹಾಕಿಸಿ. 'ನಟೋರಿಯಸ್' ಪಕ್ಕದ ಆ ಸಣ್ಣ ಟಿಪ್ಪಣಿ ಇನ್ನು ಅಳಿಸಿಹೋಗದು.

ಕೊನೆಯದಾಗಿ ಒಂದು ಮಾತು. ಈ ಪದಗಳನ್ನು ತಪ್ಪಿಲ್ಲದೆ ಕಲಿತವರು ಯಾರೂ ಇಲ್ಲ. ಆಡಿ, ಎಡವಿ, ತಿದ್ದಿಕೊಂಡೇ ಕಲಿಯಬೇಕು. ಆದರೆ ಇಡೀ ತರಗತಿಯ ಎದುರು ತಪ್ಪು ಹೇಳಿದರೆ ಮ್ಯೆನ್‌ಜ ಹೋಗುತ್ತದೆ ಎಂಬ ಅಳುಕಿನಿಂದ ಉತ್ತರ ಗೊತ್ತಿರುವ ಹುಡುಗನೂ ಬಾಯಿ ಬಿಡುವುದಿಲ್ಲ. ಮುಖ ಎಂಬ ಪದವನ್ನು ಕಲಿಯಲು ಮುಖದ ಭಯವೇ ಅಡ್ಡಿ! ಈ ಭಯ ಚೀನೀ ತರಗತಿಗೆ ಮಾತ್ರ ಸೀಮಿತವಲ್ಲ ಎಂಬುದು ನಮ್ಮ ಶಿಕ್ಷಕರಿಗೆ ಗೊತ್ತು. ಮೊದಲು ಇಬ್ಬಿಬ್ಬರು ಕುಳಿತು ಆಡಿ ನೋಡಲಿ, ಆಮೇಲೆ ಎಲ್ಲರ ಮುಂದೆ ಹೇಳಲಿ. ತಿದ್ದುವಾಗ ವಾಕ್ಯವನ್ನು ಹಲಗೆಯ ಮೇಲೆ ಬರೆದು ತಿದ್ದಬೇಕು, ಬರೆದವನ ಹೆಸರು ಹೇಳಬೇಕಾಗಿಲ್ಲ. ಮಗುವಿನ ಮಾನ ಉಳಿಸಿ ತಪ್ಪನ್ನು ತಿದ್ದಬಲ್ಲ ಶಿಕ್ಷಕರಿಗೆ ವಿದ್ಯಾರ್ಥಿಗಳು ಕೊಡುವ ಗೌರವಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಸರಿ? ಮೂರು ಪ್ರಶ್ನೆಗಳನ್ನು ಹಾಕಿ ನೋಡಿ. ಅದನ್ನು ಕೊಡುವವರು ಹುದ್ದೆಯ ಮೇಲಿರುವವರಲ್ಲ, ಎದುರಿಗೆ ಕುಳಿತ ಮಕ್ಕಳು. ಆಧಾರ ನಡತೆ. ಒಮ್ಮೆ ಹೋದರೆ ಮರಳಿ ಗಳಿಸುವುದು ಕಷ್ಟ. ಸ್ಟೇಟಸ್ ಅಲ್ಲ, ಪ್ರೆಸ್ಟೀಜ್ ಅಲ್ಲ. 'ಎಸ್ಟೀಮ್' ಸರಿಹೊಂದುತ್ತದೆ.